ಇಂದು ನಗದು

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಯಿಡೀ
ಯಾರಯಾರದೋ ಹಾಸಿಗೆಯ ಚಾದರ ಮಡಚಿ
ಬೆಳಗಿನ ಐದಕ್ಕೆ ಬಾಡಿಗೆ ಮನೆಯ ಬಾಗಿಲು ತೆರೆದರೆ
ಕತ್ತಲು.
ಮೆಟ್ಟಿಲ ಕೆಳಗಿನ ಮೀಟರು
ಆಪತ್ತಿಗೆಂದು ಕೊಟ್ಟ ಸಾಲವನ್ನೂ ತಿಂದು ಮುಗಿಸಿ
ಸೊನ್ನೆ ತೋರಿಸುತ್ತ ಕೂತಿದೆ.

ಕವೆಂಟ್ರಿಯಲ್ಲಿ ಜನವರಿ.
ಫೋಲ್ಸ್‌ಹಿಲ್ ರಸ್ತೆಯ ಅಂಗಡಿ ಆರಕ್ಕೆ ಮೊದಲು ಕಣ್ಣು ಬಿಡುವುದಿಲ್ಲ.
ನೆಕೇಸಾ ಕೋಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು, ನಾನೂ ಕೂತೆ.
ನಡುವೆ ಅವಳ ಎರಡು ಫೋನು:
ಒಂದು ಇಲ್ಲಿಯದು, ಗಾಜು ಬಿರಿದದ್ದು;
ಇನ್ನೊಂದು ಊರಿನ ಸಿಮ್ಮಿನ ಗುಂಡಿ ಫೋನು,
ಕರೆಗೆ ದುಬಾರಿ, ಸುದ್ದಿಗೆ ಸಾಕು.
‘ಕರೆಂಟಿಲ್ಲ’ ಅಂತ ತಂಗಿಗೆ ಒತ್ತಿದಳು,
ಸುಮ್ಮನೆ, ಹೊತ್ತು ಕಳೆಯಲಿಕ್ಕೆ.

ಅಲ್ಲಿ ಕಿಮಿಲಿಲಿಯಲ್ಲಿ ಆಗಲೇ ಎಂಟು ಗಂಟೆ.
ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ನಾಫುಲಾಳ ತಗಡಿನ ಗೂಡಂಗಡಿ.
ಹೋದ ವರ್ಷದವರೆಗೂ ಬರೀ ಮೀನು;
ಸಂಜೆಗೆ ಉಳಿದರೆ ಬೆಕ್ಕಿಗೆ ಹಬ್ಬ.
ಈಗ ಬಿಸಿಲು ಕುಡಿದು ಓಡುವ ಫ್ರಿಜ್ಜು.
ದಿನಕ್ಕಿಷ್ಟು ಅಂತ ಫೋನಿನಲ್ಲೇ ಕಟ್ಟಬೇಕು,
ಕಟ್ಟಿದ ದಿನ ತಂಪು, ಕಟ್ಟದ ದಿನ
ನೈರೋಬಿಯಲ್ಲಿ ಯಾರೋ ಕೂತಲ್ಲಿಂದಲೇ ಬೀಗ ಜಡಿಯುತ್ತಾರೆ.
“ಅತ್ತೆಗಿಂತ ಬಿಗಿ ಅದು,” ನಗುತ್ತಾಳೆ ನೆಕೇಸಾ,
“ಆದರೆ ಅತ್ತೆ ಐಸು ಕೊಡಲ್ಲ.”

ಬಾಡಿಗೆ ಬೈಕಿನ ಹುಡುಗರು ತಣ್ಣನೆ ನೀರು ಕುಡಿದು
ಜೇಬಿಗೆ ಕೈ ಹಾಕುವುದು ಚಿಲ್ಲರೆಗಲ್ಲ, ಫೋನಿಗೆ.
ಮದುವೆಯ ಮನೆಯವರು ಮೂರು ದಿನ ಮೊದಲೇ
ಐಸಿಗೆ ಮುಂಗಡ ಕಳಿಸುತ್ತಾರೆ.
ಪ್ರತಿ ಸಲವೂ ಕಂಪನಿ, ಇರುವೆಯ ಹಾಗೆ,
ಒಂದು ಹರಳು ಸಕ್ಕರೆ ಹೊತ್ತೊಯ್ಯುತ್ತದೆ.
ಒಯ್ಯಲಿ ಬಿಡು, ಮೊದಲು ಡಬ್ಬಿಯಲ್ಲಿಟ್ಟದ್ದನ್ನು
ಹೆಗ್ಗಣ ಒಯ್ಯುತ್ತಿತ್ತು,
ಆ ಹೆಗ್ಗಣವನ್ನೇ ನಾಫುಲಾ ಮದುವೆಯಾಗಿದ್ದು.

ನಾನು ನಮ್ಮಪ್ಪನ ಚಹಾದಂಗಡಿ ಹೇಳಿದೆ,
ಗಂಗಾವತಿಯ ಅಕ್ಕಿ ಗಿರಣಿಯ ಎದುರು.
ಕೆಂಪು ಅಕ್ಷರದ ಹಲಗೆ: ಇಂದು ನಗದು, ನಾಳೆ ಉದ್ರಿ.
ಹಲಗೆಯ ನೆರಳಲ್ಲೇ ಉದ್ರಿ ಪುಸ್ತಕ.
ಸತ್ತವರ ಹೆಸರನ್ನೂ ಅಪ್ಪ ಹೊಡೆದುಹಾಕುತ್ತಿರಲಿಲ್ಲ,
ಮಕ್ಕಳು ಬಂದಾರು ಅಂತ.
ಯಾರೂ ಬರಲಿಲ್ಲ. ಪುಸ್ತಕ ಗೆದ್ದಲಿಗೆ ಸಂದಿತು.

ಐದೂ ಇಪ್ಪತ್ತಕ್ಕೆ ಗುಂಡಿ ಫೋನು ಮಿಡುಕಿತು.
ನೆಕೇಸಾ ಓದಿದಳು, ಮತ್ತೆ ಓದಿದಳು,
ಏನೂ ಹೇಳದೆ ನನ್ನ ಕೈಗಿಟ್ಟಳು:
ಎಂಟುನೂರ ಐವತ್ತು ಶಿಲ್ಲಿಂಗು, ನಾಫುಲಾಳಿಂದ.

ಮೂರು ವರ್ಷ ಇಲ್ಲಿಂದ ಅಲ್ಲಿಗೇ ಹರಿದ ನೀರು
ಮೊದಲ ಸಲ ಏರು ಹತ್ತಿ ಬಂದಿತ್ತು.
ಬರಲಿಕ್ಕೆ ಹಿಡಿದದ್ದು ನಾಲ್ಕು ಸೆಕೆಂಡು.
ಆದರೆ ಆ ಸಿಮ್ಮಿನೊಳಗಿನ ದುಡ್ಡು ಈ ಊರಲ್ಲಿ
ಒಂದು ಬೆಂಕಿಕಡ್ಡಿಯನ್ನೂ ಕೊಳ್ಳಲಾರದು.
“ಅವಳಿಗೆ ಗೊತ್ತಿಲ್ಲ,” ಅಂದಳು ನೆಕೇಸಾ. “ಹೇಳೋದು ಬೇಡ.”

ಆರಕ್ಕೆ ಹಿಮ ತುಳಿಯುತ್ತ ಹೋದೆವು,
ಮೀಟರಿನ ಪ್ಲಾಸ್ಟಿಕ್ ಕೀಲಿ ಅವಳ ಮುಷ್ಟಿಯಲ್ಲಿ.
ಅಂಗಡಿಯ ಗಾಜಿಗೆ ರಟ್ಟಿನ ತುಂಡು ಅಂಟಿಸಿದ್ದರು:
ಕಾರ್ಡ್ ಮಷಿನ್ ಕೆಟ್ಟಿದೆ, ನಗದು ಮಾತ್ರ.
ನಾನು ನಕ್ಕೆ. ನಗು ನಿಲ್ಲಲಿಲ್ಲ.
ಅಪ್ಪ ಇಲ್ಲಿಗೂ ಬಂದು ಹಲಗೆ ಹಾಕಿ ಹೋಗಿದ್ದ,
ನಾಳೆಯ ಮಾತನ್ನು ಮಾತ್ರ ಬಿಟ್ಟು.

ನನ್ನ ಫೋನಿನ ಕವರಿನೊಳಗೆ ಮಡಚಿಟ್ಟ ಐದು ಪೌಂಡಿನ ನೋಟಿತ್ತು,
ಅಮ್ಮ ಕಲಿಸಿದ ಅಭ್ಯಾಸ.
ಕೀಲಿ ತುಂಬಿಸಿ ತಂದು ಮೀಟರಿಗೆ ತುರುಕಿದರೆ
ಅದು ಮೊದಲು ತನ್ನ ಸಾಲ ಮುರಿದುಕೊಂಡು
ಉಳಿದ ಎರಡು ಪೌಂಡು ಚಿಲ್ಲರೆ ತೋರಿಸಿತು.

ನೀರು ಕಾಯುವ ಸದ್ದು ಶುರುವಾಯಿತು.
ನೆಕೇಸಾ ಮರಗಟ್ಟಿದ ಬೆರಳಲ್ಲಿ ಒಂದೊಂದೇ ಗುಂಡಿ ಒತ್ತಿದಳು:
ಬೆಳಕು ಬಂತು. ನಿನ್ನ ದುಡ್ಡಿನದೇ.
ಕಳಿಸಿದಳು.
ಆಮೇಲೆ ಏನೋ ಹೊಳೆದವಳಂತೆ ಮತ್ತೆ ಒತ್ತಿದಳು:
ಫ್ರಿಜ್ಜಿಗೆ ಇವತ್ತಿನದು ಕಟ್ಟಿದೆಯಾ?

ಚಹಾ ಆರಿತು.
ಫೋನು ಮೇಜಿನ ಮೇಲಿದೆ.